ಮಾವನ ಕಾರು, ಬಾವನ ಚಕ್ರ

ಕೊಡದ ಬಾಯಿಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿಡಿದು ನಾನು ನೀರು ಸೋಸುತ್ತಿದ್ದೆ. ಅಮ್ಮ ಬಾವಿಯಿಂದ ಸೇದಿ ಸುರಿಯುತ್ತಿದ್ದಳು. ಕೊಡ ತುಂಬಿದ ಮೇಲೆ ಬಟ್ಟೆಯನ್ನು ತಿರುವಿ, ಅದರಲ್ಲಿ ಉಳಿದದ್ದನ್ನು ಮೆಲ್ಲಗೆ ಬಾವಿಗೇ ಬಿಟ್ಟೆ. ಕಣ್ಣಿಗೆ ಕಾಣದ ಹುಳವಾದರೂ ನಮ್ಮ ಕೈಯಿಂದ ಸಾಯಬಾರದು ಎಂದು ಹಾಗೆ ಮಾಡುವುದು. ಹೀಗೆ ಮೂರು ಕೊಡ ತುಂಬಿಸಿದೆವು. ಜಗಲಿಯಲ್ಲಿ ಅಣ್ಣ ಜಯವರ್ಮ ಕೂತಿದ್ದ. ಮೂಡಬಿದ್ರೆಯಿಂದ ಬಂದು ಅರ್ಧ ಗಂಟೆಯಾದರೂ ಚಪ್ಪಲಿ ಕಳಚಿರಲಿಲ್ಲ. ಅವನಾಗಿ ಹೇಳುವ ತನಕ ಕೇಳಬಾರದು ಎಂದು ನಮಗಿಬ್ಬರಿಗೂ ಗೊತ್ತಿತ್ತು.

“ಕಲ್ಲಿನ ಮೇಲೆ ನಿಲ್ಲಿಸಿದ್ದಾನೆ,” ಎಂದ ಕೊನೆಗೆ.

“ಯಾವುದನ್ನು?” ಅಮ್ಮ ಕೇಳಿದಳು.

“ಕಾರನ್ನು. ನಾಲ್ಕೂ ಚಕ್ರ ಕಳಚಿದ್ದಾನೆ ಶ್ರೀಪಾಲ. ನಾಲ್ಕು ಮೂಲೆಗೆ ಮುರಕಲ್ಲು ಕೊಟ್ಟು ಇಟ್ಟಿದ್ದಾನೆ, ಹೆಣ ಇಟ್ಟ ಹಾಗೆ.”

“ಸ್ಟೆಪ್ನಿ?” ಎಂದು ನಾನು ಕೇಳಿದೆ.

ಅಣ್ಣ ನನ್ನ ಕಡೆ ನೋಡಲಿಲ್ಲ. “ಅದನ್ನೂ ತೆಗೆದಿದ್ದಾನೆ,” ಎಂದು ಅಮ್ಮನಿಗೆ ಹೇಳಿದ.

ಕಾರು ನನ್ನ ಸೋದರಮಾವನದು. ಬೂದು ಬಣ್ಣದ ಹಳೆಯ ಮೋರಿಸ್ ಮೈನರ್. ಮಾವ ಹೆಂಡತಿ ಮಗನ ಜೊತೆ ಮೂಡಬಿದ್ರೆಯಲ್ಲಿದ್ದರು; ನಾವು ವೇಣೂರಿನಲ್ಲಿ. ಎಂಬತ್ತನೆಯ ಇಸವಿಯ ಕೊನೆಗೆ ಮಾವ ತೀರಿಕೊಂಡರು. ನಮ್ಮಲ್ಲಿ ಕುಟುಂಬದ ಸ್ವತ್ತು ಹಿಂದಿನಿಂದಲೂ ಅಪ್ಪನಿಂದ ಮಗನಿಗೆ ಹೋಗುವುದಲ್ಲ, ಅಕ್ಕತಂಗಿಯರ ಮಕ್ಕಳಿಗೆ ಬರುವುದು. ಕಾನೂನು ಬೇರೆಯಾಗಿದೆ ಎನ್ನುತ್ತಾರೆ. ಆದರೂ ಕೋರ್ಟಿಗೆ ಹೋಗುವ ಧೈರ್ಯ ಎರಡೂ ಕಡೆ ಇಲ್ಲದಾಗ ಹಿರಿಯರ ಬಾಯಿಗೆ ಕಿವಿ ಕೊಡಬೇಕು. ಮಾವ ಆ ಕಾರು ಕೊಂಡದ್ದು ವೇಣೂರಿನ ಗದ್ದೆಯ ಹುಟ್ಟುವಳಿಯಿಂದ. ಆದ್ದರಿಂದ ಕಾರು ಅಮ್ಮನ ಕಡೆಗೆ ಎಂದು ಹಿರಿಯರು ಬಸದಿಯ ಚಾವಡಿಯಲ್ಲಿ ಕೂತು ಹೇಳಿದರು. ಪತ್ತನಾಜೆಯ ಒಳಗೆ ಅದು ಆ ಅಂಗಳದಿಂದ ಹೊರಡಬೇಕು. ತುಳುವಿನ ಬೇಶ ತಿಂಗಳ ಹತ್ತನೆಯ ದಿನವದು, ಮಳೆಗಾಲದ ಹೊಸ್ತಿಲು. ಅಲ್ಲಿಗೆ ಊರಿನ ಕೋಲ, ಉತ್ಸವ ಎಲ್ಲ ಮುಗಿದು ಗೆಜ್ಜೆ ಕಟ್ಟಿಡುತ್ತಾರೆ, ಜಗಳವೂ ಮುಗಿಯಬೇಕು. ಅಷ್ಟರಲ್ಲಿ ಹೊರಡದಿದ್ದರೆ ಕಾರು ಅಂಗಳದವನದ್ದು.

ಆಗ ಮಾವನ ಮಗ ಶ್ರೀಪಾಲ ಎದ್ದು ನಿಂತ. ಮೂಡಬಿದ್ರೆ ಪೇಟೆಯಲ್ಲಿ ಅವನಿಗೆ ಜವಳಿ ಅಂಗಡಿ ಉಂಟು. ಮೆತ್ತಗೆ ಮಾತಾಡುವವನು.

“ಒಂದು ಸಂಶಯ,” ಎಂದ. “ಹೋದ ವರ್ಷ ಅದಕ್ಕೆ ಐದು ಡಿಸ್ಕು, ಅದರ ಮೇಲೆ ಐದು ಟಯರು ಹೊಸತು ಹಾಕಿಸಿದ್ದು ನಾನು. ನನ್ನ ಅಂಗಡಿಯ ದುಡಿಮೆಯಿಂದ. ಅದು ಕುಟುಂಬದ್ದಾ, ನನ್ನ ಸ್ವಯಾರ್ಜಿತವಾ?”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಸ್ವಂತ ದುಡಿದದ್ದು ದುಡಿದವನಿಗೆ ಎಂಬುದೂ ಹಳೆಯ ಮಾತೇ. ಅದನ್ನು ಅಲ್ಲಗಳೆಯಲು ಯಾರಿಗೂ ಆಗಲಿಲ್ಲ. ಹೀಗೆ ನಮ್ಮವರು ಕೂಡಿ ಒಂದು ಕಾರನ್ನು ಎರಡು ಪಾಲು ಮಾಡಿದರು: ಮೇಲಿನದು ಅಕ್ಕನ ಮಕ್ಕಳಿಗೆ, ನೆಲಕ್ಕೆ ತಾಗುವುದು ಮಗನಿಗೆ. ನಾನು ಹೆಂಗಸರ ಜೊತೆ ಕಂಬದ ಹಿಂದೆ ಕೂತಿದ್ದೆ. ತೀರ್ಮಾನವಾದಾಗ ಶ್ರೀಪಾಲ ನಗಲಿಲ್ಲ, ಅಂಗಿಯ ತೋಳಿನ ಮಡಿಕೆಯನ್ನು ಮಾತ್ರ ಸರಿಮಾಡಿಕೊಂಡ.

ಅಣ್ಣನಿಗೆ ಆ ಕಾರು ಬೇಕೇ ಬೇಕಿತ್ತು. ಎರಡು ವರ್ಷದಿಂದ ಅವನಿಗೆ ಕೆಲಸವಿರಲಿಲ್ಲ. ವೇಣೂರಿನಲ್ಲಿ ಬಾಡಿಗೆ ಓಡಿಸುತ್ತೇನೆ ಎಂದು ಕಂಡವರಿಗೆಲ್ಲ ಹೇಳಿಯಾಗಿತ್ತು.

“ಚಕ್ರ ತರುವುದಾದರೆ ಅಳತೆ ತೆಗೆದುಕೊಂಡು ಹೋಗುವ,” ಎಂದೆ ನಾನು, ಕೊಡ ಎತ್ತಿಕೊಂಡು ಜಗಲಿಗೆ ಬಂದು.

“ಮೋರಿಸಿಗೆ ಹದಿನಾಲ್ಕು ಇಂಚು. ಅಳತೆ ಎಂಥದು?”

“ಬೋಲ್ಟಿನದು.”

ಅವನು ಚಪ್ಪಲಿ ಕಳಚಿ ಒಳಗೆ ಹೋದ. ಆದರೆ ಮರುದಿನ ಅಮ್ಮ, ಇವಳೂ ಬರಲಿ, ಒಬ್ಬನೇ ಹೋದರೆ ಅಲ್ಲಿ ಹೊಡೆದಾಟ ಮಾಡಿಕೊಂಡು ಬರ್ತೀ ಎಂದು ನನ್ನನ್ನೂ ಕಳಿಸಿದಳು.

ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಕಲಿತದ್ದು ಅದೊಂದೇ. ಹಳೆಯ ರವಿಕೆಯನ್ನು ನ್ಯೂಸ್ ಪೇಪರಿನ ಮೇಲಿಟ್ಟು ಒತ್ತಿ ಕತ್ತರಿಸಿಕೊಂಡರೆ ಅಳತೆ ತಪ್ಪುವುದಿಲ್ಲ. ಶ್ರೀಪಾಲನ ಅಂಗಳದಲ್ಲಿ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಕ್ರ ಕೂರುವ ಜಾಗಕ್ಕೆ ಪೇಪರ್ ಹಿಡಿದು ಅಂಗೈಯಿಂದ ಒತ್ತಿದೆ. ನಾಲ್ಕು ಬೋಲ್ಟುಗಳು ನಾಲ್ಕು ತೂತು ಮಾಡಿಕೊಂಡು ಈಚೆ ಬಂದವು.

ಅತ್ತೆ ಅನಂತಮತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಶ್ರೀಪಾಲ, ಬಾ ಇಲ್ಲಿ,” ಎಂದು ಒಳಗೆ ಮುಖ ಮಾಡಿ ಕರೆದರು. “ವೇಣೂರಿನ ಟೈಲರ್ ಬಂದಿದ್ದಾಳೆ. ಕಾರಿಗೆ ರವಿಕೆ ಹೊಲಿಯಲಿಕ್ಕೆ.”

“ತೋಳು ಇಡ್ತಾಳಂತಾ?” ಎಂದು ಒಳಗಿನಿಂದಲೇ ಅವನು ಕೇಳಿದ.

ಬಸ್ಸಿನಲ್ಲಿ ಬರುವಾಗ ಅಣ್ಣ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಬಂದ. ಇಳಿದ ಮೇಲೆ, “ನಿನ್ನಿಂದಾಗಿ ಅಷ್ಟು ಕೇಳಬೇಕಾಯಿತು,” ಎಂದ.

ಪತ್ತನಾಜೆಗೆ ಮೂರು ದಿನ ಉಳಿದಿತ್ತು. ಬೆಳಿಗ್ಗೆ ಬೇಗ ಹೊರಟು ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಬಂಟ್ವಾಳಕ್ಕೆ ಹೋದೆವು. ಅಲ್ಲಿ ಹನೀಫಾಕನ ಟಯರಿನ ಅಂಗಡಿ. ಪಂಕ್ಚರ್ ಹಾಕುವುದು, ಸವೆದ ಟಯರಿಗೆ ಹೊಸ ರಬ್ಬರು ಅಂಟಿಸಿ ರೀಸೋಲ್ ಮಾಡಿಸಿ ಕೊಡುವುದು, ಹಳೆಯ ಡಿಸ್ಕು ಮಾರುವುದು, ಎಲ್ಲ ಉಂಟು. ಹನೀಫಾಕ ಐವತ್ತರ ಮನುಷ್ಯ, ಲುಂಗಿಯನ್ನು ಮಂಡಿಗೆ ಕಟ್ಟಿಕೊಂಡು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ.

“ಮೋರಿಸಿಗಾ?” ಎಂದ. “ಹೊಸ ಟಯರು ಮಂಗಳೂರಿಂದ ತರಿಸಬೇಕು, ಧಣಿ. ರೇಟು ಕೇಳಿದರೆ ಕಾರೇ ಬೇಡ ಅನಿಸ್ತದೆ.”

“ಹೊಸತು ಬೇಡ. ಇದ್ದದ್ದು ತೋರಿಸು.”

ಇದ್ದದ್ದು ಎರಡು ಸೆಟ್ಟು, ನಾಲ್ಕು ನಾಲ್ಕು ಚಕ್ರದ್ದು. ಒಂದು ಸೆಟ್ಟು ಹಿತ್ತಲಿನ ತೆಂಗಿನ ಬುಡದಲ್ಲಿ ಒಂದರ ಮೇಲೊಂದು ಬಿದ್ದಿತ್ತು. ಮೋರಿಸಿನದೇ ಡಿಸ್ಕು, ತುಕ್ಕು ಹಿಡಿದದ್ದು. ಟಯರುಗಳು ಬೋಳು. ಒಂದರ ಪಕ್ಕದಲ್ಲಿ ಅಂಗೈಯಗಲ ತೇಪೆ. ಇನ್ನೊಂದು ಸೆಟ್ಟು ಅಂಗಡಿಯ ಎದುರೇ ಗೋಡೆಗೆ ಒರಗಿಸಿಟ್ಟಿತ್ತು. ಬೇರೊಂದು ದೊಡ್ಡ ಕಾರಿನ ಹದಿನೈದು ಇಂಚಿನ ಡಿಸ್ಕು. ಅದರಲ್ಲಿ ಆಗಷ್ಟೇ ರೀಸೋಲ್ ಆಗಿ ಬಂದ ಟಯರು. ಕಪ್ಪಗೆ ಹೊಳೆಯುತ್ತಿತ್ತು. ಗೆರೆಗಳು ಎಷ್ಟು ಆಳವೆಂದರೆ ಬೆರಳಿನ ಉಗುರು ಪೂರಾ ಮುಳುಗುತ್ತಿತ್ತು. ಅಣ್ಣ ಬೆರಳು ಇಟ್ಟು ನೋಡಿದ. ಮತ್ತೆ ಎದ್ದು ನಿಂತು ಸ್ವಲ್ಪ ದೂರದಿಂದ ನೋಡಿದ.

“ಇದು ಕೂರ್ತದಾ?”

“ಇದು ಬೇಡ ಧಣಿ. ಬೋಲ್ಟಿನ ತೂತು ಅಗಲ.”

ನಾನು ಚೀಲದಿಂದ ಪೇಪರ್ ತೆಗೆದು ಬಿಡಿಸಿ ಆ ಡಿಸ್ಕಿನ ಮೇಲಿಟ್ಟೆ. ಒಂದು ತೂತಿಗೆ ಸರಿಮಾಡಿದರೆ ಎದುರಿನದು ಅರ್ಧ ಇಂಚು ಒಳಗೆ ನಿಂತಿತು. ಹನೀಫಾಕ ಬಗ್ಗಿ ನೋಡಿದ. “ಇದು ಯಾರು ಮಾಡಿದ್ದು?” ಎಂದ. “ನೋಡಿ, ಪೇಪರೇ ಹೇಳ್ತದೆ. ಆಗುವುದಿಲ್ಲ.”

“ಹಿತ್ತಲಿನದಕ್ಕೆ ಸರಿಯಾಗಿ ಕೂತಿತು,” ಎಂದು ನಾನು ಹೇಳಿದೆ. ಅಣ್ಣ ರೀಸೋಲ್ ನೋಡುತ್ತಿದ್ದಾಗ ಅದನ್ನು ಇಟ್ಟು ನೋಡಿ ಬಂದಿದ್ದೆ.

“ಅದೇ ತಕ್ಕೊಳ್ಳಿ,” ಎಂದ ಹನೀಫಾಕ. “ಬೋಳು ಟಯರು ನಾಚಿಕೆ, ಆದರೆ ಡಿಸ್ಕು ನಿಯತ್ತಿನದು. ಮಳೆ ಹಿಡಿಯುವ ಮೊದಲು ಮೆಲ್ಲಗೆ ಮನೆಗೆ ಕೊಂಡುಹೋಗಿ. ಮತ್ತೆ ಒಂದೊಂದೇ ಟಯರು ಕಳಿಸಿ, ನಾನು ರೀಸೋಲ್ ಮಾಡಿಸಿ ಕೊಡ್ತೇನೆ. ಇದರ ಅರ್ಧ ರೇಟಿಗೆ ನಾಲ್ಕೂ ಆಗ್ತದೆ.”

ಅದು ಎಷ್ಟು ಸರಿಯಾದ ಮಾತೆಂದು ಅಣ್ಣನಿಗೂ ತಿಳಿಯಿತು. ಅವನ ಮುಖದಲ್ಲಿ ನಾನದನ್ನು ಕಂಡೆ. ಮತ್ತೆ ಆ ಮುಖ ಬದಲಾದದ್ದನ್ನೂ ಕಂಡೆ.

“ಬೋಳು ಟಯರು ಹಾಕಿಕೊಂಡು ನಾನು ಅವನ ಅಂಗಳದಿಂದ ಹೊರಡಬೇಕಾ?” ಎಂದ. “ತೇಪೆ ಹಾಕಿದ್ದನ್ನು? ಅವನು ಅಲ್ಲೇ ಕುರ್ಚಿ ಹಾಕಿ ಕೂತಿರ್ತಾನೆ, ಗೊತ್ತುಂಟಾ ನಿನಗೆ? ಅವನ ಅಮ್ಮ ಬಾಗಿಲಲ್ಲಿ.”

“ಅವರು ನೋಡುವುದು ಹತ್ತು ನಿಮಿಷ,” ಎಂದೆ. “ಕಾರು ಓಡಬೇಕಾದದ್ದು...”

“ನೀನು ಬಾಯಿ ಮುಚ್ಚು. ಏಳನೇ ಕ್ಲಾಸು ದಾಟದವಳು ನನಗೆ ಪಾಠ ಮಾಡುವುದು ಬೇಡ.”

ಗಾಳಿ ಹಾಕಿಸಲು ಬಂದ ಇಬ್ಬರು ಗಂಡಸರು ನಮ್ಮ ಕಡೆ ತಿರುಗಿದರು. ಅಣ್ಣ ನನ್ನ ಕೈಯಿಂದ ಪೇಪರ್ ಎಳೆದುಕೊಂಡು, ಟಯರು ಮುಟ್ಟಿ ಕಪ್ಪಾದ ಬೆರಳುಗಳನ್ನು ಅದರಲ್ಲೇ ಒಂದೊಂದಾಗಿ ಒರಸಿ, ಮುದ್ದೆ ಮಾಡಿ ಚರಂಡಿಗೆ ಎಸೆದ.

“ತೂತು ಅಗಲವಾದರೆ ಉಜ್ಜಿ ಸರಿಮಾಡುವುದು,” ಎಂದ ಹನೀಫಾಕನಿಗೆ. “ನೀನು ಮಾಡದಿದ್ದರೆ ಬೇರೆಯವರಿಲ್ಲವಾ?”

“ಇದ್ದಾರೆ ಧಣಿ. ನಾನು ಮಾಡುವುದಿಲ್ಲ.”

ಮಾಡಿದ್ದು ಕೆಳಗಿನ ಓಣಿಯ ವೆಲ್ಡಿಂಗಿನ ಹುಕ್ರಪ್ಪ. ಅಳತೆ ಕಡ್ಡಿಯಲ್ಲಿ ಗುರುತು ಮಾಡಿ ಹದಿನಾರು ತೂತುಗಳನ್ನು ಒಳಗಡೆಗೆ ಅರದಲ್ಲಿ ಉಜ್ಜಿದ. ಮಧ್ಯಾಹ್ನದಿಂದ ನಾಲ್ಕು ಗಂಟೆಯ ತನಕ ಉಜ್ಜುವ ಸದ್ದು ಕೇಳಿಸುತ್ತಲೇ ಇತ್ತು. ಗುಂಡಗಿದ್ದ ತೂತುಗಳು ಹುಣಸೆ ಬೀಜದ ಹಾಗೆ ಉದ್ದವಾದವು.

ಚಕ್ರಗಳನ್ನು ಮೂಡಬಿದ್ರೆಗೆ ಸಾಗಿಸಲು ಅಣ್ಣ ಟೆಂಪೋ ಗೊತ್ತುಮಾಡಲು ಹೋದಾಗ ಹನೀಫಾಕ ನನ್ನ ಹತ್ತಿರ ಬಂದ. ಕೈಯಲ್ಲೊಂದು ಸ್ಪಾನರ್ ಇತ್ತು.

“ಇದು ಇಟ್ಟುಕೋ ತಂಗಿ, ಮತ್ತೆ ಯಾವಾಗಲಾದರೂ ಕೊಡು. ನಟ್ಟು ಒಂದೇ ಬದಿ ಕಚ್ಚುವುದು, ಇನ್ನೊಂದು ಬದಿ ಗಾಳಿಯಲ್ಲಿ. ಓಡ್ತಾ ಓಡ್ತಾ ಸಡಿಲ ಆಗ್ತದೆ. ಎರಡು ಮೈಲಿಗೊಮ್ಮೆ ನಿಲ್ಲಿಸಿ ಬಿಗಿ ಮಾಡಬೇಕು, ತಪ್ಪಬಾರದು. ಚಕ್ರದಲ್ಲಿ ಟಿಕ್ ಟಿಕ್ ಅಂತ ಕೇಳಿದರೆ ಅಲ್ಲೇ ನಿಲ್ಲಿಸಲಿಕ್ಕೆ ಹೇಳು.”

“ನೀವೇ ಹೇಳಿ, ಹನೀಫಾಕ.”

“ಹೇಳಿದೆ. ನಾನು ಹಿತ್ತಲಿನ ಮಾಲು ಹೋಗದ ಸಿಟ್ಟಿಗೆ ಹೇಳುವುದಂತೆ.”

ಪತ್ತನಾಜೆಯ ದಿನ ಮೂವರೂ ಮೂಡಬಿದ್ರೆಗೆ ಹೋದೆವು. ಹಕ್ಕು ಅಮ್ಮನದು, ಕಾರು ಅಂಗಳ ಬಿಡುವಾಗ ಅವಳು ಒಳಗೆ ಕೂತಿರಬೇಕೆಂದು ಹಿರಿಯರು ಹೇಳಿದ್ದರು. ಬೆಳಿಗ್ಗೆ ಬರಬೇಕಿದ್ದ ಟೆಂಪೋ ಮಧ್ಯಾಹ್ನ ಮೂರಕ್ಕೆ ಬಂತು. ಅಲ್ಲಿಯವರೆಗೆ ನಾವು ಅಂಗಳದ ಅಂಚಿನಲ್ಲಿ ನಿಂತಿದ್ದೆವು. ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ದಾರಿಹೋಕನಿಗೂ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡುವ ಊರು ನಮ್ಮದು. ಅಮ್ಮನ ಜೊತೆ ಹುಟ್ಟಿದವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು, ಕೈ ಖಾಲಿ ಇತ್ತು.

ಶ್ರೀಪಾಲ ನಿಜವಾಗಿಯೂ ಕುರ್ಚಿ ಹಾಕಿ ಕೂತಿದ್ದ.

“ಬಾವ,” ಎಂದ, ಅಣ್ಣ ಮೊದಲ ಚಕ್ರ ಉರುಳಿಸಿಕೊಂಡು ಬಂದಾಗ. “ಭಾರೀ ದೊಡ್ಡದು ತಂದಿದ್ದೀ. ಅಜ್ಜನ ಮೆಟ್ಟು ಹಾಕಿಕೊಂಡ ಮಗುವಿನ ಹಾಗೆ ಕಾಣುವುದಿಲ್ಲವಾ?”

“ನಿನ್ನ ಚಕ್ರಕ್ಕಿಂತ ಗೆರೆ ಆಳ ಉಂಟು. ಬೇಕಾದರೆ ಬಂದು ನೋಡು.”

“ನೋಡುವ, ನೋಡುವ.”

ಅಣ್ಣ ಜಾಕ್ ಕೊಟ್ಟು ಎತ್ತಿದ, ಕಲ್ಲು ಸರಿಸಿದ, ಚಕ್ರ ಕೂರಿಸಿ ನಟ್ಟು ತಿರುಗಿಸಿದ. ನಾಲ್ಕೂ ಆಗುವಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕಲ್ಲನ್ನು ಕಾಲಿನಿಂದ ಬದಿಗೆ ತಳ್ಳಿದಾಗ ಶ್ರೀಪಾಲ, “ಕಲ್ಲು ನನ್ನದು ಬಾವ, ಸ್ವಯಾರ್ಜಿತ,” ಎಂದ. ಟೆಂಪೋದ ಡ್ರೈವರ್ ಇಬ್ರಾಹಿಂ ಖಲೀಲ್ ನಗು ತಡೆಯಲಾರದೆ ಅತ್ತ ತಿರುಗಿಕೊಂಡ.

ಆಮೇಲೆ ಶ್ರೀಪಾಲ ಎದ್ದು ಬಂದು ಕಾರಿಗೆ ಒಂದು ಸುತ್ತು ಹಾಕಿದ. ಹಿಂದಿನ ಎಡ ಚಕ್ರದ ಹತ್ತಿರ ನಿಂತ. ನಾನು ಅಲ್ಲೇ ಇದ್ದೆ. ಪ್ರತಿ ನಟ್ಟಿನ ಹೊರಬದಿಗೆ ಬಿದಿಗೆ ಚಂದ್ರನಷ್ಟು ತೂತು ಬಾಯಿಬಿಟ್ಟುಕೊಂಡಿತ್ತು. ಅವನು ಬಗ್ಗಿ ಅದನ್ನು ನೋಡಿದ. ಐದು ಡಿಸ್ಕು ಆರಿಸಿ ಹಾಕಿಸಿದ್ದ ಮನುಷ್ಯ, ಅವನಿಗೆ ತಿಳಿಯದೆ ಇರಲಿಲ್ಲ. ತಲೆ ಎತ್ತಿದಾಗ ನಾನು ಅವನನ್ನು ನೋಡುತ್ತಿರುವುದು ಅವನಿಗೆ ಕಂಡಿತು. ಹಿಂದೊಮ್ಮೆ ನನ್ನನ್ನು ಅವನಿಗೆ ಕೊಡುವ ಮಾತಿತ್ತು. ಶಾಲೆ ಬಿಟ್ಟವಳು ಬೇಡ ಎಂದು ಅತ್ತೆ ನಿಲ್ಲಿಸಿದರು. ಅಂದಿನಿಂದ ಅವನು ನನ್ನನ್ನು ನೇರ ನೋಡಿದ್ದು ಅದೇ ಮೊದಲು. ಏನಾದರೂ ಹೇಳುತ್ತಾನೆಂದು ಕಾದೆ.

ಅವನು ಎದ್ದು ಕೈ ಕೊಡವಿಕೊಂಡ. “ಒಳ್ಳೆಯ ಟಯರು, ಬಾವ,” ಎಂದು ಅಣ್ಣನಿಗೆ ಹೇಳಿದ. “ಭಾರೀ ಒಳ್ಳೆಯದು.”

ಅಣ್ಣನಿಗೆ ಆ ಮಾತು ಸಾಕಾಯಿತು. ಹ್ಯಾಂಡಲ್ ಹಾಕಿ ತಿರುಗಿಸಿದ. ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ ಇಂಜಿನ್ ಹಿಡಿಯಿತು. ಅಮ್ಮ ಮುಂದೆ ಕೂತಳು, ನಾನು ಹಿಂದೆ. ಕಾರು ಅಂಗಳ ಬಿಡುವಾಗ ಅಮ್ಮ ಅತ್ತೆಯ ಕಡೆ ಕತ್ತು ತಿರುಗಿಸಲಿಲ್ಲ. ಬೇಲಿಯ ದಣಪೆ ದಾಟಿದ ಮೇಲೆ ಹಿಂದೆ ಮೋಟಾರ್ ಸೈಕಲಿನ ಸದ್ದು ಕೇಳಿತು. ಶ್ರೀಪಾಲ ನಮ್ಮ ಪಕ್ಕಕ್ಕೆ ಬಂದ.

“ನೀನು ಎಲ್ಲಿಗೆ?” ಅಣ್ಣ ಕೇಳಿದ.

“ಹೊಸಂಗಡಿ ತನಕ ಬರ್ತೇನೆ. ದಾರಿಯಲ್ಲಿ ಏನಾದರೂ ಬಿದ್ದರೆ ಹೆಕ್ಕಿ ಕೊಡಲಿಕ್ಕೆ ಒಬ್ಬ ಬೇಕಲ್ಲ,” ಎಂದು ಹಿಂದಕ್ಕೆ ಸರಿದ.

ಅಣ್ಣ ಕನ್ನಡಿಯನ್ನು ಸರಿಮಾಡಿಕೊಂಡ. ರಸ್ತೆಗಿಂತ ಹೆಚ್ಚು ಅವನು ಅದನ್ನೇ ನೋಡುತ್ತಿದ್ದ. ಆಲಂಗಾರು ದಾಟಿ ಎರಡು ಮೈಲಿ ಆಗಿರಬಹುದು.

“ಅಣ್ಣ, ಸ್ವಲ್ಪ ನಿಲ್ಲಿಸು. ನಟ್ಟು ನೋಡುವ,” ಎಂದೆ.

“ಅವನ ಎದುರಾ?”

“ಹನೀಫಾಕ ಹೇಳಿದ್ದಾರೆ. ಎರಡು ಮೈಲಿಗೊಮ್ಮೆ ಅಂತ.”

“ನಿನ್ನ ಹನೀಫಾಕ. ಅವನಿಗೆ ಹಿತ್ತಲಿನ ಗುಜರಿ ಹೋಗಬೇಕಿತ್ತು.”

“ಅಮ್ಮ,” ಎಂದೆ.

“ಸುಮ್ಮನಿರು ತ್ರಿಶಲಾ,” ಎಂದಳು ಅಮ್ಮ, ಎದುರು ನೋಡುತ್ತಲೇ. “ಈಗ ನಿಲ್ಲಿಸಿದರೆ ಅವನು ನಾಳೆ ಮೂಡಬಿದ್ರೆ ಇಡೀ ಹೇಳಿಕೊಂಡು ಬರ್ತಾನೆ, ಮೂರು ಹೆಜ್ಜೆಗೆ ಕೂತಿತು ಅಂತ. ಹೊತ್ತು ಮುಳುಗುವ ಮೊದಲು ಮನೆಗೂ ಮುಟ್ಟಬೇಕು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಏನೂ ಇಲ್ಲ.”

ಕತ್ತಲಾದ ಮೇಲೆ ನಾವು ಉಣ್ಣುವುದಿಲ್ಲ. ಸೂರ್ಯ ಆಗಲೇ ಮರಗಳ ತುದಿಗೆ ಇಳಿದಿದ್ದ. ಅಣ್ಣ ವೇಗ ಹೆಚ್ಚಿಸಿದ.

ಮೊದಲು ತಿರುವಿನಲ್ಲಿ ಮಾತ್ರ ಕೇಳಿಸಿತು. ನನ್ನ ಸೀಟಿನ ಕೆಳಗೆ, ಎಡಬದಿಗೆ. ಯಾರೋ ಉಗುರಿನಿಂದ ತಗಡು ತಟ್ಟಿದ ಹಾಗೆ. ಮತ್ತೆ ನೇರ ರಸ್ತೆಯಲ್ಲೂ ಕೇಳಿಸಿತು. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಸಲ. ನಾನು ಎಣಿಸಿದೆ. ಕಾರು ಜೋರಾದರೆ ಅದೂ ಜೋರಾಗುತ್ತಿತ್ತು, ನಿಧಾನವಾದರೆ ನಿಧಾನ.

“ಅಣ್ಣ, ಸದ್ದು ಬರ್ತಾ ಉಂಟು.”

“ಮಡ್‌ಗಾರ್ಡಿಗೆ ತಾಗುವುದು. ದೊಡ್ಡ ಚಕ್ರ ಅಲ್ಲವಾ.”

“ತಾಗುವ ಸದ್ದು ಹೀಗೆ ಇರುವುದಿಲ್ಲ. ಉಜ್ಜಿದ ಹಾಗೆ ಇರ್ತದೆ.”

“ಇನ್ನೊಂದು ಮಾತಾಡಿದರೆ ಇಲ್ಲೇ ಇಳಿಸಿ ಹೋಗ್ತೇನೆ.”

ಇಳಿಸಿದರೆ ಒಳ್ಳೆಯದೇ ಇತ್ತು. ಕಾರು ನಿಲ್ಲುತ್ತಿತ್ತು.

ಹೊಸಂಗಡಿ ಬಂತು. ಶ್ರೀಪಾಲ ತಿರುಗಿ ಹೋಗುತ್ತಾನೆ, ಆಗ ಹೇಳುವ ಎಂದುಕೊಂಡು ಹಿಂದಿನ ಗಾಜಿನಲ್ಲಿ ನೋಡಿದೆ. ಅವನು ತಿರುಗಲಿಲ್ಲ. ಇನ್ನೂ ಸ್ವಲ್ಪ ಹಿಂದೆ ಉಳಿದು, ಹತ್ತಿರ ಬರದೆ, ಬಿಡದೆ ಬರುತ್ತಿದ್ದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಹಿಂದಿನ ಎಡ ಚಕ್ರದ ಮೇಲಿತ್ತು. ಅಣ್ಣ ಕನ್ನಡಿಯಲ್ಲಿ ಅವನನ್ನು ಕಂಡು ಹಲ್ಲು ಕಚ್ಚಿದ.

ಪೆರಿಂಜೆ ಕಳೆದ ಮೇಲೆ ರಸ್ತೆ ಇಳಿಯಲು ತೊಡಗುತ್ತದೆ. ಈಗ ಟಿಕ್ ಎನ್ನುವುದು ಹೋಗಿ ಕಟಕಟ ಎನ್ನುತ್ತಿತ್ತು. ಸೀಟು ಎಡಕ್ಕೂ ಬಲಕ್ಕೂ ತೂಗುವುದು ನನ್ನ ಸೊಂಟಕ್ಕೆ ತಿಳಿಯುತ್ತಿತ್ತು. ಅಮ್ಮನಿಗೂ ತಿಳಿಯಿತು, ಅವಳ ಬಲಗೈ ಸೀಟಿನ ಅಂಚನ್ನು ಹಿಡಿದುಕೊಂಡಿತು. ಅವಳು ಅಣ್ಣನ ಮುಖ ನೋಡಿದಳು. ಎದುರಿನಿಂದ ಒಂದು ಬಸ್ಸು ಏರು ಹತ್ತಿಕೊಂಡು ಬರುತ್ತಿತ್ತು. ಕೆಳಗೆ ತಿರುವು, ಅದರಾಚೆ ಹೊಳೆಯ ಕಡೆಯ ಇಳಿಜಾರು.

ನಾನು ಮುಂದಿನ ಸೀಟಿನ ನಡುವೆ ಬಗ್ಗಿದೆ. ಅಣ್ಣನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಅವನಿಗೂ ಕೇಳಿಸುತ್ತಿತ್ತು.

“ಅಣ್ಣ, ಕಾರು ನಿಲ್ಲಿಸು,” ಎಂದೆ. “ನೀನು ಇಳಿಯುವುದು ಬೇಡ. ನಾನು ಇಳಿದು ಬಿಗಿ ಮಾಡ್ತೇನೆ.”

ಅಮ್ಮ ರಸ್ತೆ ನೋಡುತ್ತಿದ್ದಳು. ಅಣ್ಣ ಕನ್ನಡಿ ನೋಡುತ್ತಿದ್ದ, ಕಾಲು ಬ್ರೇಕಿಗೆ ಹೋಗಲಿಲ್ಲ.